ಹೊಸ ಮಾತ್ರೆ ಶುರುಮಾಡಿದ ಮೇಲೆ ಮೈಮೇಲೆ ಗುಳ್ಳೆ ಎದ್ದಿದೆ, ಯಾವ ಮುಲಾಮು ಹಚ್ಚಲಿ?

ಮೂರ್ಛೆರೋಗಕ್ಕೆ ಕಾರ್ಬಮಾಜೆಪೈನ್ ಆರಂಭಿಸಿದ ಮೇಲೆ ಎದೆಯಲ್ಲಿ ಕೆಂಪು ಮಚ್ಚೆ, ಬಾಯಲ್ಲಿ ಹುಣ್ಣು ಎಂದಿದ್ದೀರಿ. ಮುಲಾಮಿನ ಮಾತು ಬಿಡಿ. ಮುಂದಿನ ಗುಳಿಗೆ ನುಂಗುವ ಮುನ್ನವೇ, ಸೇವಿಸುತ್ತಿರುವ ಎಲ್ಲ ಔಷಧಿಗಳ ಸ್ಟ್ರಿಪ್‌ಗಳೊಂದಿಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ನನಗೆ ಇದೇ ಔಷಧಿಯಿಂದ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಔಷಧಿಯ ಪ್ರತಿಕ್ರಿಯೆಯಿಂದ ಚರ್ಮ ಸುಲಿದು ಬಾಯಿ, ಕಣ್ಣುಗಳಿಗೂ ಹಾನಿಯಾಗುವ ಗಂಭೀರ ಕಾಯಿಲೆ ಆಗಿತ್ತು. ಮೊದಲು ಕಾಣಿಸಿಕೊಂಡದ್ದು ಗುಳ್ಳೆಯಲ್ಲ. ಜ್ವರ, ಗಂಟಲುನೋವು, ಕಣ್ಣುರಿ. ಔಷಧಿ ಒಗ್ಗದಿದ್ದರೆ ನುಂಗಿದ ದಿನವೇ ತುರಿಕೆ ಏಳಬೇಕಿತ್ತು, ವಾರಗಟ್ಟಲೆ ಏನೂ ಮಾಡದ ಮಾತ್ರೆ ಈಗೇಕೆ ಕಾಡೀತು ಎಂದು ತರ್ಕಿಸಿ, ಇದು ವೈರಲ್ ಜ್ವರವೆಂದು ನಾನೇ ತೀರ್ಮಾನಿಸಿ, ಮಚ್ಚೆಗಳು ಮೂಡಿದ ಮೇಲೂ ಅದನ್ನು ಮುಂದುವರಿಸಿದೆ. ಆ ತರ್ಕವೇ ತಲೆಕೆಳಗಾಗಿತ್ತು. ತಕ್ಷಣ ಏಳುವ ಪಿತ್ತಗಂಧೆ ಬೇರೆ. ಇಲ್ಲಿ ರೋಗನಿರೋಧಕ ಟಿ-ಕೋಶಗಳು ನಿಧಾನವಾಗಿ ಸಜ್ಜಾಗಿ ಚರ್ಮದ ಕೋಶಗಳನ್ನೇ ಕೊಲ್ಲುತ್ತವೆ, ಆದ್ದರಿಂದ ಲಕ್ಷಣಗಳು ಸಾಮಾನ್ಯವಾಗಿ ಔಷಧಿ ಆರಂಭಿಸಿದ 4ರಿಂದ 28 ದಿನಗಳೊಳಗೆ ತೋರುತ್ತವೆ. ಅಂದರೆ ಯಾವ ವಿಳಂಬವನ್ನು ನೋಡಿ ನಾನು ಅನುಮಾನಪಡಬೇಕಿತ್ತೋ, ಅದನ್ನೇ ಮಾತ್ರೆ ನಿರಪರಾಧಿ ಎನ್ನಲು ಸಾಕ್ಷಿಯಾಗಿಸಿಕೊಂಡೆ. ಸಾಲದೆಂಬಂತೆ ಜ್ವರಕ್ಕೆ ಬೇರೆ ಬೇರೆ ಗುಳಿಗೆಗಳನ್ನೂ ನುಂಗಿದ್ದೆನಾದ್ದರಿಂದ, ಯಾವುದು ಕಾರಣವೆಂದು ಗುರುತಿಸುವುದು ವೈದ್ಯರಿಗೂ ಕಷ್ಟವಾಯಿತು.

ಸ್ಟೀರಾಯ್ಡ್ ತೆಗೆದುಕೊಳ್ಳಲೇ ಎಂದೂ ಕೇಳಿದ್ದೀರಿ. ಅದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಕೊಡುವವರೂ ಇದ್ದಾರೆ. ಅದು ನೀವು ಮನೆಯಲ್ಲಿ ಕುಳಿತು ಆರಿಸುವ ವಿಷಯವೇ ಅಲ್ಲ. ಕಾರಣವಾದ ಔಷಧಿಯನ್ನು ಬೇಗ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಉಳಿದದ್ದು ಸುಟ್ಟಗಾಯದ ರೋಗಿಗೆ ಮಾಡುವಂಥದೇ ಆರೈಕೆ: ದ್ರವ, ಪೋಷಣೆ, ಬೆಚ್ಚಗಿನ ಕೋಣೆ, ಅಂಟದ ಡ್ರೆಸ್ಸಿಂಗ್, ನೋವಿನ ಶಮನ, ಸೋಂಕಿನ ಮೇಲೆ ನಿಗಾ. ಸುಲಿದ ಚರ್ಮ ಮೈಯ ಶೇ. 10ಕ್ಕಿಂತ ಕಡಿಮೆಯಿದ್ದರೆ ನನಗಾದ ಕಾಯಿಲೆ, ಶೇ. 30 ದಾಟಿದರೆ ಅದೇ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್, ಸಾವಿನ ಅಪಾಯ ಬಹಳ ಹೆಚ್ಚು.

ಕಣ್ಣಿನ ವೈದ್ಯರನ್ನು ಮೊದಲ ದಿನವೇ ಕರೆಸುವಂತೆ ಒತ್ತಾಯಿಸಿ. ನನ್ನ ಚರ್ಮ ಮತ್ತೆ ಬೆಳೆಯಿತು, ಕಣ್ಣಿನ ತೇವ ಮರಳಲಿಲ್ಲ; ಇಂದಿಗೂ ಹನಿಮದ್ದು ತಪ್ಪಿಲ್ಲ.

ಮೂರ್ಛೆ ಮರುಕಳಿಸದಂತೆ ಬದಲಿ ಔಷಧಿ ಬೇಕೇ ಬೇಕು. ಆದರೆ ಮೂರ್ಛೆಗೆ ಕೊಡುವ ಫೆನಿಟಾಯಿನ್, ಫಿನೋಬಾರ್ಬಿಟಾಲ್ ಕೂಡ ಕಾರ್ಬಮಾಜೆಪೈನ್ ಬಳಗದವೇ, ಅವುಗಳಿಂದಲೂ ಇದೇ ಪ್ರತಿಕ್ರಿಯೆ ಬರಬಹುದು. ಬದಲಿ ಯಾವುದೆಂದು ನರರೋಗತಜ್ಞರೇ ಹೇಳಲಿ, ಈ ಮೂರರ ಹೆಸರನ್ನೂ ನಿಮ್ಮ ಕಡತದ ಮೊದಲ ಪುಟದಲ್ಲಿ ಬರೆಸಿಕೊಳ್ಳಿ.