ಕೋವಿಡ್ ಹೋಗಿ ಎರಡೂವರೆ ತಿಂಗಳಾದರೂ ತಮ್ಮನಿಗೆ ಓದಿದ್ದು ತಲೆಗೆ ಹತ್ತುತ್ತಿಲ್ಲ, ಇದು ಸೋಮಾರಿತನವಾ?

ತಮ್ಮನಿಗೆ 18 ವರ್ಷ, ಜ್ವರ ಬಿಟ್ಟು ಎರಡೂವರೆ ತಿಂಗಳಾಯಿತು, ಓದಿದ್ದು ನೆನಪಿರಲ್ಲ, ಮಾತಾಡುತ್ತಾ ಮಧ್ಯದಲ್ಲೇ ತಡವರಿಸುತ್ತಾನೆ, ಮನೆಯವರು ಸೋಮಾರಿ ಅಂತಾರೆ ಎಂದು ಬರೆದಿದ್ದೀರಿ. ಸೋಮಾರಿತನ ಅಂತ ನನಗೆ ಅನಿಸುತ್ತಿಲ್ಲ. ನಾನು ಡಾಕ್ಟರ್ ಅಲ್ಲ, ಇದನ್ನು ಅನುಭವಿಸಿದವಳು ಅಷ್ಟೇ.

ನನಗೆ ಕೋವಿಡ್ ಬಂದಿದ್ದು 2021ರ ಮೇ ತಿಂಗಳಲ್ಲಿ, ಸೆಕೆಂಡ್ ಪಿಯುಸಿಯಲ್ಲಿದ್ದಾಗ. ನಾಲ್ಕು ದಿನ ಜ್ವರ, ಒಂದು ವಾರ ಕೆಮ್ಮು. ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಆ ವರ್ಷ ಪಿಯುಸಿ ಪರೀಕ್ಷೆ ರದ್ದಾಯಿತು, ನೆನಪಿದೆ ಅಲ್ವಾ? ಆದರೆ ಆಗಸ್ಟ್ ಕೊನೆಗೆ ಸಿಇಟಿ ಇತ್ತು. ಜುಲೈನಲ್ಲಿ ಗಣಿತ ಹಿಡಿದು ಕೂತರೆ, ಮೂರನೇ ಸಾಲಿಗೆ ಬರುವಷ್ಟರಲ್ಲಿ ಎಕ್ಸ್ ಅಂದರೆ ಏನೆಂದು ಇಟ್ಟುಕೊಂಡಿದ್ದೆ ಅನ್ನುವುದೇ ಹಾರಿಹೋಗಿರುತ್ತಿತ್ತು. ಸೂತ್ರ ಮರೆತಿರಲಿಲ್ಲ. ತಲೆಯಲ್ಲಿ ಎರಡು ವಿಷಯ ಒಟ್ಟಿಗೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಅಮ್ಮ ಬಟ್ಟೆ ಒಣಹಾಕಲು ಮಹಡಿಗೆ ಹೋಗುತ್ತಾ "ಮೂರು ವಿಷಲ್ ಆದ್ಮೇಲೆ ಆಫ್ ಮಾಡೇ" ಅಂದರು. ಒಲೆ ಮುಂದೆಯೇ ನಿಂತಿದ್ದೆ, ಕೈಯಲ್ಲಿ ಮೊಬೈಲ್ ಕೂಡ ಇರಲಿಲ್ಲ. ಎರಡಾಯಿತೋ ಮೂರಾಯಿತೋ ಗೊತ್ತಾಗಲಿಲ್ಲ. ಬೇಳೆ ತಳ ಹಿಡಿಯಿತು. ಅಮ್ಮ ಬೈಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. "ಮೊಬೈಲ್ ನೋಡಿ ನೋಡಿ ತಲೆ ಕೆಟ್ಟಿದೆ" ಅನ್ನುವ ಮಾತು ನಮ್ಮ ಮನೆಯಲ್ಲಿ ನಿಂತಿದ್ದು ಆವತ್ತಿಗೆ.

ಇದಕ್ಕೆ ಬ್ರೈನ್ ಫಾಗ್ ಅಂತಾರೆ. ತಲೆಗೆ ಮಂಕು ಕವಿದ ಹಾಗೆ. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರ ಉಳಿಯುವ ತೊಂದರೆಗಳು ಯಾವುವು ಎಂದು ಹೇಳಿದಾಗ ಸುಸ್ತು, ಏದುಸಿರಿನ ಜೊತೆಗೆ ಇದನ್ನೂ ಸೇರಿಸಿತು. ಕೋವಿಡ್‌ನಿಂದ ಮಾತ್ರ ಬರುವ ಕಾಯಿಲೆಯೂ ಅಲ್ಲ ಇದು. ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನಲ್ಲಿ ಮೂರು ಬೇರೆ ಬೇರೆ ಸೋಂಕು ತಗುಲಿದ 253 ಜನರನ್ನು ಹಿಂಬಾಲಿಸಿ ನೋಡಿದ್ದರು. ಅದರಲ್ಲೊಂದು ನಮ್ಮ ಚಿಕುನ್‌ಗುನ್ಯಾದ ದಾಯಾದಿ ವೈರಸ್. 2006ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಆರು ತಿಂಗಳಾದರೂ ನೂರಕ್ಕೆ 12 ಜನ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಯಾವ ಸೋಂಕು ಅನ್ನುವುದಕ್ಕಿಂತ, ಶುರುವಿನಲ್ಲಿ ಅದು ಎಷ್ಟು ಜೋರಾಗಿ ಬಂದಿತ್ತು ಅನ್ನುವುದೇ ಅಲ್ಲಿ ಮುಖ್ಯವಾಗಿತ್ತು.

ತಲೆಯೊಳಗೆ ಏನಾಗುತ್ತದೆ? 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ, ಯೇಲ್‌ನ ಅಕಿಕೊ ಇವಾಸಾಕಿ ಮತ್ತಿತರ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ನೋಡಿದರು. ಸೋಂಕು ಇದ್ದಿದ್ದು ಉಸಿರಾಟದ ಅಂಗಗಳಲ್ಲಿ ಮಾತ್ರ, ಅದೂ ಸೌಮ್ಯ. ಆದರೂ ಮಿದುಳಿನ ಕಾವಲು ಕೋಶಗಳು ವಾರಗಳ ನಂತರವೂ ಕೆರಳಿಕೊಂಡೇ ಇದ್ದವು. ವೈರ್ ಮೇಲಿನ ಪ್ಲಾಸ್ಟಿಕ್ ಥರ ನರಗಳನ್ನು ಸುತ್ತಿರುವ ಮಯಲಿನ್ ಪದರ ಕಡಿಮೆಯಾಗಿತ್ತು. ಇಲಿ ಬೇರೆ, ನಿಮ್ಮ ತಮ್ಮ ಬೇರೆ, ನಿಜ. ಆದರೂ ಇದನ್ನು ಓದಿದ ದಿನ ನನಗೆ ಅಳು ಬಂದಿತ್ತು. ನಾನು ನಾಟಕ ಆಡುತ್ತಿಲ್ಲ ಅಂತ ಯಾರೋ ಸಾಕ್ಷಿ ಹೇಳಿದ ಹಾಗಾಯಿತು.

ಹಾಗಂತ ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಬೇಡಿ. ಇಂಗ್ಲೆಂಡ್‌ನಲ್ಲಿ 11ರಿಂದ 17 ವರ್ಷದ ಸಾವಿರಾರು ಮಕ್ಕಳನ್ನು ಮೂರು ತಿಂಗಳ ನಂತರ ಕೇಳಿದಾಗ, ಪಾಸಿಟಿವ್ ಬಂದವರಲ್ಲಿ ನೂರಕ್ಕೆ 66.5 ಮಕ್ಕಳು ಏನಾದರೊಂದು ತೊಂದರೆ ಹೇಳಿದರು. ನೆಗೆಟಿವ್ ಬಂದವರಲ್ಲೂ 53.3! ನನಗೂ ರಕ್ತ ಪರೀಕ್ಷೆಯಲ್ಲಿ ಬಿ12 ತುಂಬಾ ಕಡಿಮೆ ಇತ್ತು. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಸ್ವಲ್ಪ ಹಗುರಾಯಿತು, ಪೂರ್ತಿ ಅಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಮೂರನ್ನೂ ನೋಡಿಸಿ.

ನಾವು ಮಾಡಿದ ದೊಡ್ಡ ತಪ್ಪು ಒಂದಿದೆ. "ಅಭ್ಯಾಸ ಮಾಡಿದರೆ ತಾನಾಗೇ ಬರುತ್ತೆ" ಎಂದು ಅಪ್ಪ ಬೆಳಗ್ಗೆ ಐದಕ್ಕೆ ಎಬ್ಬಿಸಿ ಓದಲು ಕೂರಿಸಿದರು. ಎರಡು ದಿನ ಚೆನ್ನಾಗಿಯೇ ಓದಿದೆ. ಮೂರನೇ ದಿನ ಎದ್ದು ಹಲ್ಲುಜ್ಜಲೂ ಆಗಲಿಲ್ಲ. ಹೀಗೆ ಮೂರ್ನಾಲ್ಕು ಸಲ ಬಿದ್ದೆ. ಆಮೇಲೆ ಒಂದೇ ಲೆಕ್ಕ ಇಟ್ಟುಕೊಂಡೆ: ಇವತ್ತು ಎಷ್ಟು ಓದಿದೆ ಅಂತಲ್ಲ, ನಾಳೆ ಹೇಗಿರುತ್ತೇನೆ ಅಂತ. ಇಪ್ಪತ್ತು ನಿಮಿಷಕ್ಕೆ ಅಲಾರಂ. ಇನ್ನೂ ಓದಬಹುದು ಅನಿಸಿದರೂ ಪುಸ್ತಕ ಮುಚ್ಚುತ್ತಿದ್ದೆ. ಬ್ರೇಕ್ ಅಂದರೆ ಮೊಬೈಲ್ ಅಲ್ಲ, ಕಣ್ಣು ಮುಚ್ಚಿ ಮಲಗುವುದು. ಅಪ್ಪನಿಗೆ ಇದನ್ನು ಒಪ್ಪಿಸಲು ಜಾಸ್ತಿ ಕಷ್ಟವಾಯಿತು ಬಿಡಿ.

ಸಿಇಟಿ ರ‍್ಯಾಂಕ್ ಹೇಳಿಕೊಳ್ಳುವಂತೆ ಬರಲಿಲ್ಲ, ಬಿಎಸ್ಸಿ ಸೇರಿದೆ. ಆರು ತಿಂಗಳಿಗೆ ಪಾಠ ಹಿಡಿಯತೊಡಗಿತು, ಸರಿಯಾಗಲು ಒಂದೂವರೆ ವರ್ಷ ಹಿಡಿಯಿತು. ಕೆಲವರು ಇನ್ನೂ ಬೇಗ ಸುಧಾರಿಸುತ್ತಾರೆ, ಕೆಲವರಿಗೆ ಎಳೆಯುತ್ತದೆ.

ಫಿಟ್ಸ್ ಬಂದರೆ, ಕೈಕಾಲು ಒಂದು ಕಡೆ ಸೋತರೆ, ದಿಢೀರನೆ ಮಾತು ತೊದಲಿದರೆ ಒಂದು ಕ್ಷಣವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ್ ಹತ್ತಿರ ಸುಮ್ನೆ "ಮರೆವು" ಅನ್ನಬೇಡಿ. ನಾನು ಮೊದಲ ಸಲ ಹಾಗೇ ಹೇಳಿ ಟಾನಿಕ್ ಬಾಟಲಿ ಹಿಡಿದುಕೊಂಡು ಬಂದೆ. ಎರಡನೇ ಸಲ ಬೇರೆ ಡಾಕ್ಟರ್ ಹತ್ತಿರ ಎರಡು ವಾರ ಬರೆದಿಟ್ಟ ಪುಟ ಒಯ್ದೆ: ಎಷ್ಟು ನಿಮಿಷ ಓದಿದೆ, ಎಷ್ಟು ನಿದ್ದೆ, ಮರುದಿನ ಹೇಗಿತ್ತು, ಏನು ಮರೆತೆ. ಕುಕ್ಕರ್ ವಿಷಯವೂ ಅದರಲ್ಲಿತ್ತು. ಅವರು ಪೂರ್ತಿ ಓದಿ, ಆಮೇಲೆ ಪ್ರಶ್ನೆ ಕೇಳಲು ಶುರು ಮಾಡಿದರು. ಬಿ12 ಪರೀಕ್ಷೆ ಬರೆದುಕೊಟ್ಟಿದ್ದೂ ಅವರೇ.