ಪ್ರತಿಕ್ರಿಯೆ: ಟೆಕ್ಸಾಸ್‌ನ ಡೈಮೆಟ್ರೊಡಾನ್ ಮುಳ್ಳು, ಹಲ್ಲಿನಿಂದ ಪ್ರಭೇದ ಗುರುತಿಸುವುದು ಹೇಗೆ?

ಟೆಕ್ಸಾಸ್‌ನಲ್ಲಿ ಸಿಕ್ಕ ಪಳೆಯುಳಿಕೆ ಮುಳ್ಳು, ಹಲ್ಲು ಡೈಮೆಟ್ರೊಡಾನ್‌ನ ಯಾವ ಪ್ರಭೇದದ್ದು ಎಂದು ಕೇಳಿದ್ದೀರಿ. (ಡೈಮೆಟ್ರೊಡಾನ್ ಅಂದರೆ ಬೆನ್ನ ಮೇಲೆ ಹಾಯಿಯಂತೆ ಉದ್ದ ಮೂಳೆ-ಮುಳ್ಳುಗಳಿದ್ದ, ಅಳಿದುಹೋದ ಪ್ರಾಣಿ.) ಮುಳ್ಳಿನ ಉದ್ದವನ್ನೇ ನೋಡಿ ಪ್ರಭೇದ ಹುಡುಕುತ್ತಿದ್ದೀರಿ, ಅದಕ್ಕೇ ತಾಳೆಯಾಗುತ್ತಿಲ್ಲ. ಪ್ರಾಣಿ ಬೆಳೆದಂತೆ ಉದ್ದ ಬದಲಾಗುತ್ತದೆ. ಹಿಂದೆ ಬರೀ ಗಾತ್ರ ನೋಡಿ ಹೆಸರಿಟ್ಟ ಪ್ರಭೇದಗಳೂ ಇವೆ.

ಮೊದಲು ಮುಳ್ಳಿನ ಮೇಲೆ ಬೆರಳಾಡಿಸಿ. ಪಕ್ಕಕ್ಕೆ ಗುಬಟುಗಳು ಚಾಚಿದ್ದರೆ ಅದು ಎಡಫೊಸಾರಸ್, ಸೊಪ್ಪು ತಿನ್ನುವ ಬೇರೆಯದೇ ಪ್ರಾಣಿ. ಗುಬಟಿಲ್ಲದಿದ್ದರೆ ಮುರಿದ ತುದಿಯನ್ನು ಬೆಳಕಿಗೆ ಹಿಡಿಯಿರಿ. ಬುಡದಿಂದ ಮೇಲಿನ ಭಾಗವನ್ನೇ ನೋಡಿ, ಬುಡದಲ್ಲಿ ಆಕಾರ ಬೇರೆ ಇರುತ್ತದೆ. ಡೈಮೆಟ್ರೊಡಾನ್‌ನ ಹೆಚ್ಚಿನ ಪ್ರಭೇದಗಳಲ್ಲಿ ಇಂಗ್ಲಿಷ್ ಅಂಕಿ 8ರಂತೆ ನಡುವೆ ಸೊಂಟ ಕಾಣುತ್ತದೆ. ದುಂಡಗಿದ್ದರೆ ಚಿಕ್ಕ ಪ್ರಭೇದವಾದ ಮಿಲ್ಲೆರಿ ಇರಬಹುದು.

ಆಮೇಲೆ ಹಲ್ಲು. ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಗರಗಸದಂಥ ಸ್ಪಷ್ಟ ಕಚ್ಚುಗಳಿದ್ದರೆ ಗ್ರಾಂಡಿಸ್ ಎಂಬ ಇನ್ನೊಂದು ಡೈಮೆಟ್ರೊಡಾನ್ ಪ್ರಭೇದದ ಕಡೆಗೆ ವಾಲಬಹುದು. ಮಿಲ್ಲೆರಿಯಲ್ಲಿ ಅವು ಇರುವುದಿಲ್ಲ. ಆದರೆ ಹಲ್ಲೂ ಮುಳ್ಳೂ ಒಂದೇ ಪ್ರಾಣಿಯದು ಅಂತ ಸುಮ್ನೆ ಅಂದುಕೊಳ್ಳಬೇಡಿ.

ಪಳೆಯುಳಿಕೆ ಸಿಕ್ಕ ಕಲ್ಲಿನ ಪದರದ ಹೆಸರು ಅದರ ಜೊತೆಗಿನ ಚೀಟಿಯಲ್ಲಿದ್ದರೆ ಅದೇ ದೊಡ್ಡ ಸುಳಿವು. ಗ್ರಾಂಡಿಸ್ ಬರುವುದು ಟೆಕ್ಸಾಸ್‌ನ ಕ್ಲಿಯರ್ ಫೋರ್ಕ್ ಎಂಬ ಕಲ್ಲಿನ ಪದರಗಳಿಂದ, ಮಿಲ್ಲೆರಿ ಅದಕ್ಕಿಂತ ಹಳೆಯದು.

ಬರೀ ಮುಳ್ಳಿನಿಂದ ಪ್ರಭೇದ ಖಚಿತವಾಗಿ ಹೇಳಲಾಗದು. ಸೆಕೊಡಾಂಟೊಸಾರಸ್ ಎಂಬ ಹತ್ತಿರದ ಸಂಬಂಧಿ ಪ್ರಾಣಿಯ ಮುಳ್ಳೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮೇಲ್ದವಡೆ ಸಿಗದಿದ್ದರೆ ‘ಡೈಮೆಟ್ರೊಡಾನ್ ಇರಬಹುದು, ಪ್ರಭೇದ ಅನಿಶ್ಚಿತ’ ಎಂದು ಬರೆದಿಡಿ.