ರೊಟ್ಟಿ ಆರ್ಡರ್ ಮತ್ತು ಎರಡು ವರ್ಷದ ಮಗಳು

ಅಕ್ಕಾ, ಇಂಡಿ ಹತ್ತಿರದ ಹಳ್ಳಿಯಲ್ಲಿ ರೊಟ್ಟಿ ವ್ಯಾಪಾರ, ಎರಡು ವರ್ಷದ ಮಗಳು, ಎರಡೂ ಸಾಗುತ್ತಿಲ್ಲ, ವ್ಯಾಪಾರ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಮೆತ್ತನೆ ರೊಟ್ಟಿಯ ಆರ್ಡರ್ ಮಾತ್ರ ಸದ್ಯಕ್ಕೆ ನಿಲ್ಲಿಸಿ. ಅದನ್ನು ಬಿಸಿಯಾಗಿಯೇ ಕೊಡಬೇಕು, ಗಿರಾಕಿ ಹೇಳಿದ ಹೊತ್ತಿಗೆ ಒಲೆ ಮುಂದೆ ಕೂರಬೇಕು. ಕಡಕ್ ರೊಟ್ಟಿ ಹಾಗಲ್ಲ. ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಕಟ್ಟಿಟ್ಟರೆ ವಾರಗಟ್ಟಲೆ ಇರುತ್ತದೆ. ಮಗಳು ಮಲಗಿದಾಗ ಮಾಡಿಡಿ. ಬಡಿಯುವ ಸಪ್ಪಳಕ್ಕೆ ಏಳುತ್ತಾಳೆ ಅಂತೀರಾ? ಲಟ್ಟಿಸಿ! ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯನ್ನೂ ಮೊದಲೇ ಕುಟ್ಟಿಡಬಹುದು.

ನಿಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯಾ ವಿಚಾರಿಸಿ, ಹಗಲು ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಎಳ್ಳಮಾವಾಸ್ಯೆ ಹೊತ್ತಿಗೆ ಆರ್ಡರ್ ಜಾಸ್ತಿ, ಆಗ ಓಣಿಯ ಒಬ್ಬರನ್ನು ಕೂಲಿಗೆ ಕರೆಯಿರಿ. ಇನ್ನು ಸಂಜೆ ಹೊತ್ತು ಮಗಳನ್ನು ಅವರಪ್ಪ ನೋಡಿಕೊಳ್ಳಲಿ. ಅವರಿಗೂ ಮಗಳೇ ಅಲ್ವಾ?